ಆ ಮೀಸೆ ನಿಜವಾದದ್ದು

೧೭ನೇ ತಾರೀಖು, ಗುರುವಾರ
ಹೆಂಗಸರ ವಾರ್ಡು, ಎರಡನೇ ಮಹಡಿ

ಅಮ್ಮನ ಕಪಿಗೆ,

ಇದನ್ನು ಬರೆಯುತ್ತಿರುವವಳು ನಿಜವಾಗಿಯೂ ನಿನ್ನ ಅಕ್ಕ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆಂದು ಫೋನು ಮಾಡಿದರೆ ನಿನ್ನ ಮ್ಯಾನೇಜರು, "ಅಕ್ಕ ಸೇಡು ತೀರಿಸ್ಕೊಳ್ತಿದ್ದಾರೆ, ನಂಬಬೇಡ ಅಂತ ನಮ್ಮ ಸಾರ್ ಹೇಳಿದ್ದಾರೆ" ಎಂದು ಫೋನು ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ನನ್ನ ಸೊಟ್ಟ ಅಕ್ಷರವನ್ನು ಯಾರೂ ನಕಲು ಮಾಡಲಾರರು.

ಅಪ್ಪನ ಮೇಲಧಿಕಾರಿಯ ನಡಿಗೆ ಮಾಡಿ ತೋರಿಸುತ್ತಿದ್ದ ನೀನು ಸ್ಟೇಜು ಹತ್ತಿದೆ, ಟೀವಿಗೆ ಹೋದೆ. ವೇಷ ಹಾಕಿಕೊಂಡು ಮಂತ್ರಿಗಳ ಎದುರು ಕೂತು, ಅವರ ಬಾಯಿಂದಲೇ ಅವರ ಬಂಡವಾಳ ಬಯಲು ಮಾಡಿದೆ. ಕೇಸು ಬಿದ್ದಾಗ ನಿನ್ನ ಪರವಾಗಿ ಬೀದಿಯವರೊಡನೆಲ್ಲ ಜಗಳವಾಡಿದವಳು ನಾನು. ಆಮೇಲೆ ಗುಟ್ಟಾಗಿ ಕ್ಯಾಮೆರಾ ಇಟ್ಟು ತೆಗೆದ ನಿನ್ನ ಸಿನಿಮಾ. ಮೀಸೆ ಅಂಟಿಸಿಕೊಂಡು ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬನಾಗಿ ನನ್ನ ಶಾಲೆಗೇ ಬಂದೆ. ಖಾಲಿ ಕುರ್ಚಿಗೆ ಸೆಲ್ಯೂಟ್ ಹೊಡೆಯಲು ಹೇಳಿದೆ. ಹೆಡ್ ಮೇಡಮ್ ಆದ ನಾನು ಎಲ್ಲರಿಗಿಂತ ಮೊದಲು ಹೊಡೆದೆ. ಒಡಹುಟ್ಟಿದವನ ಗುರುತು ಸಿಗಲಿಲ್ಲ. ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕರು.

ಅಂದಿನಿಂದ ಯಾರನ್ನೂ ನಂಬಲಾಗುತ್ತಿಲ್ಲ. ಗ್ಯಾಸಿನವನ ಧ್ವನಿ, ಹೊಸ ಮೇಷ್ಟರ ಕನ್ನಡಕ, ಎಲ್ಲದರಲ್ಲೂ ನೀನೇ. ಕಳೆದ ತಿಂಗಳು, ಅಮ್ಮನ ರಕ್ತ ಪರೀಕ್ಷೆ ಮಾಡಿದ್ದ ಲ್ಯಾಬಿನವರೊಬ್ಬರು ಮನೆಗೆ ಬಂದರು. ದಪ್ಪ ಮೀಸೆ, ಕಂಕುಳಲ್ಲಿ ಫೈಲು.

"ನಿಮ್ಮ ತಾಯಿಯವರ ರಕ್ತ ಮತ್ತೊಂದ್ಸಲ ನೋಡ್ಬೇಕು, ತಡ ಮಾಡ್ಬೇಡಿ. ಫೋನ್ ಮಾಡಿದ್ರೆ ನೀವು ಕಟ್ ಮಾಡ್ತೀರಿ" ಎಂದರು.

ಅಂಗಿಯ ಗುಂಡಿಯಲ್ಲಿ ಕ್ಯಾಮೆರಾ ಇದೆಯೇನೋ ಎಂದು ಬಗ್ಗಿ ನೋಡಿದೆ. ಆಮೇಲೆ ಕೈ ಹಾಕಿ ಮೀಸೆ ಎಳೆದೇಬಿಟ್ಟೆ.

"ಅಯ್ಯೋ, ಇದು ನಂದೇ ಕಣ್ರೀ!" ಎಂದು ಕಿರುಚಿದರು. ಕಣ್ಣಲ್ಲಿ ನೀರು ಬಂದಿತ್ತು. ಆದರೂ ನಂಬಲಿಲ್ಲ. ಈ ಸಲ ಗೋಂದು ಗಟ್ಟಿಯಾಗಿ ಹಚ್ಚಿದ್ದಾನೆ ಎಂದುಕೊಂಡು ಅವರ ಮುಖದ ಮೇಲೇ ಬಾಗಿಲು ಹಾಕಿದೆ.

ಅದಾದ ಹನ್ನೊಂದನೇ ದಿನ ಅಮ್ಮ ಅಡುಗೆಮನೆಯಲ್ಲಿ ಕುಸಿದಳು. ರಕ್ತದ ಕ್ಯಾನ್ಸರಂತೆ. ಲ್ಯಾಬಿನವರು ಬಂದ ದಿನವೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಅವರು ಚಾರ್ಟಿನ ಹಾಳೆ ತಿರುಗಿಸಿದರು.

ತಪ್ಪೆಲ್ಲ ನಿನ್ನದು ಎಂದು ಬರೆಯಲೆಂದೇ ಕೂತವಳು ನಾನು. ಆದರೆ ಬಾಗಿಲು ಹಾಕಿದ ಕೈ ನನ್ನದು. ನೀನು ಬಾ. ನಂಬಿಕೆಯಾಗದಿದ್ದರೆ ನನ್ನ ಸುಳ್ಳು ಹಿಡಿಯುವುದಕ್ಕಾದರೂ ಬಾ.

ಇಂತಿ, ನಿನ್ನ ಮೇಲೆ ಇನ್ನೂ ಕೋಪವಿರುವ
ಅಕ್ಕ

ಬರೆಯಬಾರದೆಂದು ಬಿಟ್ಟಿದ್ದ ಮಾತು: ನೀನು ಆಗಲೇ ಬಂದಿದ್ದೀಯ ಎಂದು ಅಮ್ಮ ತಿಳಿದಿದ್ದಾಳೆ. ಹೊಸದಾಗಿ ಬಂದ ಡಾಕ್ಟರೊಬ್ಬರ ಕೈ ಹಿಡಿದು, "ಎಷ್ಟು ಸೊರಗಿದ್ದೀಯೋ! ಊಟ ಮಾಡಿದ್ಯಾ?" ಎಂದು ಕೇಳಿದಳು. ಅವರು ನನ್ನ ಮುಖ ನೋಡಿದರು. ಹೂಂ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡೆ. "ಮಾಡ್ದೆ ಅಮ್ಮಾ" ಎಂದರು. ಈಗ ದಿನಾ ಸಂಜೆ ಬಂದು ಕೂರುತ್ತಾರೆ. ನೀನು ಬಂದು ನಿಂತರೆ ಅವಳು ನಂಬುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.