ಹೊಲಿಗೆಯಂಗಡಿಗೆ ಹೋದ ಸೀರೆಗಳು

ಗದಗ,
ಕ್ರಿಸ್ತಶಕ ೨೧೮೭, ಫೆಬ್ರವರಿ ಮೂವತ್ತು

ಮಾನ್ಯರಾದ ಶಶಿರೇಖಾ ಬೆಳವಡಿಯವರಿಗೆ,

ದಿನಾಂಕವನ್ನು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನಗಳು ದೊರೆತಿವೆ. ನಮ್ಮ ಕಾಲದಲ್ಲಿ ನ್ಯಾಯವು ಪೂರ್ತಿಯಾಗಿ ಸಂದಿರುವುದು ಆ ತಿಂಗಳೊಂದಕ್ಕೇ. ಭಾಷೆಯ ವಿಷಯದಲ್ಲಿ ಮಾತ್ರ ಕ್ಷಮೆ ಬೇಡುತ್ತೇನೆ. ನಾವು ಈಗ ಆಡುವ ಕನ್ನಡ ನಿಮಗೆ ಅರ್ಥವಾಗದು, ಅರ್ಥವಾದರೂ ಸಹ್ಯವಾಗದು. ಆದುದರಿಂದ ಹಳೆಯ ಗ್ರಂಥಗಳಿಂದ ಕಲಿತ ನಿಮ್ಮ ಕಾಲದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಇಲ್ಲದ ವಸ್ತುಗಳ ಹೆಸರುಗಳನ್ನು ಬಂದಲ್ಲಿಯೇ ವಿವರಿಸುತ್ತೇನೆ. ನೀವು ನನಗಿಂತ ಆರು ತಲೆಮಾರು ಹಿರಿಯರು. ಆದರೆ ಈ ಓಲೆ ಕೈಸೇರುವ ಸಂಜೆ ನಿಮಗೆ ಇಪ್ಪತ್ತೇಳು ವರ್ಷ, ನನಗೆ ಎಂಬತ್ತೊಂದು. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಮಾನ್ಯರೇ ಎಂದಿದ್ದೇನೆ.

ಇದನ್ನು ಹಿನ್ನೋಲೆ ಎನ್ನುತ್ತಾರೆ, ಅಂದರೆ ಕಳೆದ ಕಾಲಕ್ಕೆ ಕಳುಹಿಸುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಬಹುಮಂದಿ ಅದನ್ನು ಸತ್ತ ತಾಯಿಗೆ ಬರೆದು ಮುಗಿಸುತ್ತಾರೆ. ನನ್ನದನ್ನು ನಿಮಗಾಗಿ ವ್ಯಯ ಮಾಡುತ್ತಿದ್ದೇನೆ. ಕಾರಣ, ಹಿಂಸೆಯ ದಾಂಪತ್ಯದಿಂದ ಹೆಂಗಸರು ಹೇಗೆ ಹೊರಬರುತ್ತಾರೆಂಬ ನಿಮ್ಮ ಮಹಾಪ್ರಬಂಧವನ್ನು ನೀವು ನಾಳೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಲಿದ್ದೀರಿ. ಅದರ ನಾಲ್ಕನೆಯ ಅಧ್ಯಾಯವನ್ನು ತೆಗೆದುಹಾಕಿ. ಕಳೆದುದನ್ನು ಇದು ತಿದ್ದೀತೋ ಇಲ್ಲವೋ ಯಾರಿಗೂ ತಿಳಿಯದು, ಆದರೂ ಕೇಳುತ್ತಿದ್ದೇನೆ.

ಆ ಅಧ್ಯಾಯ ಸುಳ್ಳೆಂದು ನಾನು ಹೇಳುವುದಿಲ್ಲ. ಸುಳ್ಳಾಗಿದ್ದರೆ ಈ ಓಲೆಗೆ ಕಾರಣವೇ ಇರುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಹೊಲಿಗೆಯಂಗಡಿಯಲ್ಲಿ ನೀವು ವಾರಗಟ್ಟಲೆ ಕುಳಿತು, ಮನೆ ಬಿಡಲು ನಿರ್ಧರಿಸಿದ ಹೆಂಗಸರು ಸೀರೆಗಳನ್ನು ಒಂದೊಂದಾಗಿ ಫಾಲ್ ಹಚ್ಚಿಸುವ ನೆವದಲ್ಲಿ ಅಲ್ಲಿಗೆ ತಂದಿಡುತ್ತಾರೆಂದು ಕಂಡುಕೊಂಡಿರಿ. (ಆ ಇಂಗ್ಲಿಷ್ ಪದ ಬಳಸಬೇಕಾದುದಕ್ಕೆ ವಿಷಾದವಿದೆ, ಸೀರೆಯ ಅಂಚಿಗೆ ಒಳಗಿನಿಂದ ಹಚ್ಚುವ ಆ ಪಟ್ಟಿಗೆ ಕನ್ನಡದವರು ಬೇರೆ ಹೆಸರಿಡಲಿಲ್ಲ.) ಸೀರೆಯ ಮಡಿಕೆಯೊಳಗೆ ಮಕ್ಕಳ ಜನನಪತ್ರ, ತವರಿನವರು ಕೊಟ್ಟ ಸರ. ಕೊನೆಯ ದಿನ ಕರಿಬೇವು ತರುವವಳಂತೆ ಬರಿಗೈಯಲ್ಲಿ ಹೊರಟು, ಅಂಗಡಿಯಿಂದ ಗಂಟನ್ನೆತ್ತಿಕೊಂಡು ಬಸ್ಸು ಹತ್ತುವುದು. ಅಂಗಡಿಯ ಫಕ್ಕೀರವ್ವ ನಗುತ್ತ ಹೇಳಿದ ಮಾತನ್ನು ನೀವು ಇದ್ದಂತೆಯೇ ಬರೆದಿದ್ದೀರಿ: "ಗಂಡಗ ತನ್ನ ಅಂಗಿ ಎಲ್ಲೈತಿ ಅನ್ನೋದ ಗೊತ್ತಿರಂಗಿಲ್ಲ, ಹೆಂಡ್ತಿ ಸೀರಿ ಎಷ್ಟದಾವ ಅಂತ ಏನ್ ಗೊತ್ತಿರತೈತಿ ಯವ್ವಾ?" ತನ್ನ ಹೆಸರು ಪುಸ್ತಕದಲ್ಲಿ ಬರಲಿ ಎಂದು ಆಕೆ ಕೇಳಿಕೊಂಡಳು. ನೀವು ಒಪ್ಪಲಿಲ್ಲ, ಸಂಶೋಧನೆಯ ನಿಯಮ ಅಡ್ಡಬಂದಿತು. ಆಕೆಯನ್ನು "ಏಳನೆಯ ಮಾಹಿತಿದಾರಳು" ಎಂದು ಕರೆದಿರಿ, ಊರಿನ ಹೆಸರನ್ನು ಅಳಿಸಿದಿರಿ. ಆಕೆಯ ನಿಜವಾದ ಹೆಸರು ನನಗೆ ದೊರೆತುದು ನಿಮ್ಮ ಕೈಬರಹದ ಕರಡಿನಲ್ಲಿ. ಹೆಸರುಗಳನ್ನೆಲ್ಲ ಅಷ್ಟು ಜತನದಿಂದ ಮುಚ್ಚಿಟ್ಟು, ದಾರಿಯನ್ನು ಮಾತ್ರ ಬಯಲಿನಲ್ಲಿ ಬಿಟ್ಟಿರಿ. ಆ ಹೆಂಗಸರಿಗೆ ಹೆಸರಿನಿಂದ ಏನೂ ಆಗಬೇಕಾಗಿರಲಿಲ್ಲ.

ಮುಂದೆ ಆದುದನ್ನು ಹೇಳುತ್ತೇನೆ. ಗ್ರಂಥಾಲಯದಲ್ಲಿ ಬಹುಕಾಲ ಧೂಳು ತಿಂದ ನಿಮ್ಮ ಪ್ರಬಂಧವನ್ನು ಮನೆಯರಿವು ತಯಾರಿಸುವವರು ಓದಿದರು. ಮನೆಯರಿವು ಎಂದರೆ ಗೋಡೆಯೊಳಗಿದ್ದುಕೊಂಡು ದೀಪ ಹಚ್ಚುವ, ಹಾಲು ಉಕ್ಕದಂತೆ ನೋಡಿಕೊಳ್ಳುವ, ಕೇಳಿದುದಕ್ಕೆ ಉತ್ತರ ಕೊಡುವ ಯಂತ್ರ. ಅದು ಈಗ ಬಟ್ಟೆಗಳನ್ನೂ ನೋಡಿಕೊಳ್ಳುತ್ತದೆ. ಹೊರಗೆ ಹೋದ ಸೀರೆ ಹಿಂತಿರುಗದಿದ್ದರೆ ಯಜಮಾನನ ಕಿವಿಯಲ್ಲಿ ಉಸುರುತ್ತದೆ. ಆ ಉಸುರಿಗೆ ಹೊರಸುಳಿವು ಎಂದು ಹೆಸರು. ಮರುದಿನ ಬೆಳಗ್ಗೆ ಸಂತೈಕೆದಾರರು ಬರುತ್ತಾರೆ, ಸಂಸಾರ ಒಡೆಯದಂತೆ ಕಾಯಲು ಸರಕಾರ ನೇಮಿಸಿದ ಸಭ್ಯರು. ಹೆಂಗಸನ್ನು ಮಣೆಯ ಮೇಲೆ ಕುಳ್ಳಿರಿಸಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯ ಕಣ ಹಾಕಿ ಉಡಿ ತುಂಬುತ್ತಾರೆ. ತುಂಬಿದ ಉಡಿಯನ್ನು ಹಿಡಿದುಕೊಂಡು ಯಾರೂ ಎದ್ದು ಹೋಗಲಾರರೆಂದು ಅವರಿಗೆ ಗೊತ್ತು. ಆ ಕಣವನ್ನು ಹೊಲಿಯುವವರು ಯಾರೂ ಇಲ್ಲ. ಹೊಲಿಗೆಯಂಗಡಿಗಳನ್ನು ಮುಚ್ಚಿಸಿ ಮೂರು ತಲೆಮಾರಾಯಿತು. ನಿಮ್ಮ ನಾಲ್ಕನೆಯ ಅಧ್ಯಾಯ ಮದುವೆಗೆ ಮುಂಚೆ ವರನಿಗೆ ಪಾಠ.

ನನ್ನ ಮೊಮ್ಮಗಳು ಸಂಪಿಗೆಯ ಗಂಡನೂ ಅದನ್ನು ಓದಿದವನೇ. ಮದುವೆಯ ಎರಡನೆಯ ವರ್ಷ ಅವಳ ಮೊಣಕೈ ಮುರಿಯಿತು, ನಾಲ್ಕನೆಯ ವರ್ಷ ದವಡೆ. ಅವಳು ಹೊಸ್ತಿಲ ಬಳಿಗೆ ಹೋದರೆ ಸಾಕು, ಕುಳಿತಲ್ಲಿಂದಲೇ ಅವನು ಕೇಳುತ್ತಿದ್ದ: "ಏನು ತಾಯಿ, ಫಾಲ್ ಹಚ್ಚಿಸಲಿಕ್ಕೆ ಹೊರಟಿರೋ?" ಫಾಲ್ ಎಂದರೇನೆಂದು ಅವನಿಗೆ ತಿಳಿಯದು. ನಮ್ಮ ಕಾಲದ ಯಾವ ಗಂಡಸಿಗೂ ತಿಳಿಯದು. ಆದರೂ ಎಲ್ಲರೂ ಆ ಮಾತನ್ನಾಡಿ ನಗುತ್ತಾರೆ. ಒಮ್ಮೆ ನನ್ನ ಮುಂದೆಯೇ ಅಂದ. ಸಂಪಿಗೆ ತಲೆಯೆತ್ತದೆ, "ಹೌದು, ನಿಮ್ಮ ನಾಲಗೆಗೂ ಒಂದು ಹಚ್ಚಿಸಿಕೊಂಡು ಬರುತ್ತೇನೆ" ಎಂದಳು. ಆ ದಿನ ಊಟಕ್ಕೆ ನಿಲ್ಲದೆ ನಾನು ಮನೆಗೆ ಬಂದೆ. ಮರುದಿನ ಅವಳಿಗೆ ಮಾತನಾಡಲಾಗುತ್ತಿರಲಿಲ್ಲ.

ನಿಮ್ಮ ಪ್ರಶ್ನಾವಳಿಯ ಮೊದಲನೆಯ ಪ್ರಶ್ನೆ ನನಗೆ ಬಾಯಿಪಾಠವಾಗಿದೆ: "ಹೊರಟ ದಿನ ಮೊದಲು ಏನನ್ನು ಕೈಗೆತ್ತಿಕೊಂಡಿರಿ?" ಅದನ್ನು ಕೇಳಿ ಹೆಂಗಸರು ಅತ್ತರೆಂದು ಬರೆದಿದ್ದೀರಿ. ಅತ್ತಿರಲೇಬೇಕು. ಅಷ್ಟು ಮೃದುವಾಗಿ ಅವರನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ನಿಮ್ಮ ಕರುಣೆಯ ಬಗ್ಗೆ ನನಗೆ ಸಂದೇಹವಿಲ್ಲ; ಅದೇ ನನ್ನ ಸಂಕಟ. ಅಧ್ಯಾಯವನ್ನು ತೆಗೆದರೆ ಮಾರ್ಗದರ್ಶಕರು, ಇದರಲ್ಲಿ ಹೊಸದೇನಿದೆ ಎಂದು ಕೇಳುತ್ತಾರೆ. ಏನೂ ಇಲ್ಲವೆನ್ನಿ. ಪದವಿ ತಪ್ಪೀತು. ತಪ್ಪಲಿ. ಹೆಂಗಸರು ಏಕೆ ಹೊರಡುತ್ತಾರೆಂದು ನೂರು ಪುಟ ಬರೆಯಿರಿ, ಹೊರಡದಂತೆ ತಡೆಯುವವರು ಯಾರೆಂದು ಸಾವಿರ ಪುಟ ಬರೆಯಿರಿ. ಹೇಗೆ ಎಂಬುದನ್ನು ಮಾತ್ರ ಅವರಿಗೇ ಬಿಡಿ.

ಸಂಪಿಗೆ ಹೋದ ವಾರ ಹೊರಟುಹೋದಳು. ಗೋಡೆ ಉಸುರಲಿಲ್ಲ. ಎಲ್ಲಿಯೋ ಊಟ ಮಾಡಿ, ಬಾಗಿಲು ತೆರೆದಿಟ್ಟುಕೊಂಡೇ ಮಲಗುತ್ತಿದ್ದಾಳೆಂಬಷ್ಟು ಸುದ್ದಿ ನನಗೆ ತಲುಪಿದೆ. ನಿನ್ನೆ ಸಂತೈಕೆದಾರರು ನನ್ನ ಮನೆಗೆ ಬಂದಿದ್ದರು. ನೀರು ಕೇಳಿ ಕುಡಿದರು, ನನ್ನ ಆರೋಗ್ಯ ವಿಚಾರಿಸಿದರು. ಆಮೇಲೆ ಅವರಲ್ಲಿ ಹಿರಿಯವನು ಬಹು ಮೃದುವಾಗಿ, "ಅಮ್ಮಾ, ಹೊರಟ ದಿನ ಅವಳು ಮೊದಲು ಏನನ್ನು ಕೈಗೆತ್ತಿಕೊಂಡಳು?" ಎಂದು ಕೇಳಿದ.

ನಾನು ನೋಡಲಿಲ್ಲ ಎಂದೆ.

ನೀವೂ ಈಗ ಅದನ್ನೇ ಕೇಳುತ್ತಿರುವಿರೆಂದು ಬಲ್ಲೆ. ನಾನು ನೋಡಲಿಲ್ಲ.

ಇತಿ,
ವಾಗ್ದೇವಿ ಅಣ್ಣಿಗೇರಿ