ಅಂಗಳಕ್ಕೆ ಅಜ್ಜ ಬಂದರೆ

ತಂಗಿ ಅಸಿಬಾಳಿಗೆ ಅಣ್ಣನ ಪ್ರೀತಿ.

ಇಲ್ಲಿ ಲೋಮೆ ಪಟ್ಟಣದಲ್ಲಿ ಹೆಬ್ಬಾವು ಸಾಕಿ, ಮರಿ ಮಾಡಿಸಿ, ಹೊರದೇಶದ ಶೋಕಿಯವರಿಗೆ ಕಳಿಸುವವರ ಹತ್ತಿರ ಕೆಲಸ ಸಿಕ್ಕಿದೆ. ಇವತ್ತು ಮೊಟ್ಟೆ ತುಂಬಿದ ಹಾವೊಂದು ಚೀಲದಲ್ಲೇ ಸತ್ತಿತ್ತು. ನಮ್ಮೂರು ವಿದಾದಲ್ಲಿ ಹೆಬ್ಬಾವು ಕಂಡರೆ ಮಾಡುವಂತೆ ನೆಲಕ್ಕೆ ಹಣೆ ಹಚ್ಚಿ "ಅಜ್ಜಾ" ಎಂದುಬಿಟ್ಟೆ. ಧಣಿ ಎಡೆಮ್ ಬಿದ್ದು ಬಿದ್ದು ನಕ್ಕ. "ಮೊಟ್ಟೆ ಇಡೋ ಅಜ್ಜನ್ನ ಎಲ್ಲಿ ಕಂಡ್ಯೋ ಮುದುಕಪ್ಪಾ? ತಗೊಂಡೋಗಿ ಕಸಕ್ಕೆ ಎಸಿ!" ಬಿಳಿ ಬಟ್ಟೆ ಸುತ್ತಿ ಹೂಳುತ್ತೇನೆಂದು ಬೇಡಿಕೊಂಡೆ. "ಹಂಗಾರೆ ನೀನೂ ಹೊರಗೆ" ಅಂದ. ಕಸಕ್ಕೇ ಎಸೆದೆ. ನಾಳೆಯೂ ಎಸೆಯುತ್ತೇನೆ, ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

ಮಂಡಿಗೆ ನೀನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇನೆ. ಕಾರ್ಡು ತುಂಬಿತು. ಅಜ್ಜ ತೆವಳಿಕೊಂಡು ನಮ್ಮ ಅಂಗಳಕ್ಕೆ ಬಂದರೆ, ಅಣ್ಣ ಊರಲ್ಲಿಲ್ಲ ಅಂತಷ್ಟೇ ಹೇಳು. ಎಲ್ಲಿದ್ದಾನೆ ಅಂತ ಹೇಳಬೇಡ.

ಅಗೊಸು