ಕೊನೆಯ ಕುರಿ ನೋಡಿದ ಮೇಲೆ

ಡಿಸೆಂಬರ್ ೨, ಅರಭಾವಿ ಹತ್ತಿರ

ಅಕ್ಷರ ಸೊಟ್ಟ, ತಪ್ಪೂ ಬಹಳ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಮೊಣಕಾಲ ಮೇಲೆ ವಹಿ ಇಟ್ಟು ಬರೆಯುವುದು… ಯಾರೂ ಓದುವುದಿಲ್ಲ. ಆದರೂ ತಪ್ಪಾಯಿತು ಅಂತ ಈ ವಹಿಗೇ ಹೇಳುತ್ತೇನೆ.

ರೊಟ್ಟಿ ಬಡಿದಾಯಿತು. ಕುರಿಗಳು ಗೊಂಜಾಳ ಕೊಯ್ದ ಹೊಲದಲ್ಲಿವೆ. ಕೌಜಲಗಿ ಬಿಟ್ಟ ಮೇಲೆ ದಿನವೂ ನಡಿಗೆ. ಮಳೆಗಾಲದವರೆಗೆ ಮನೆ ಇಲ್ಲ. ಹೊರಡುವಾಗ ಅತ್ತೆ ಹೇಳಿದ್ದು ಒಂದೇ— "ಕಸ್ತೂರಿ, ನಿಮ್ಮ ಮಾವಗ ಶುಗರ್ ಐತಿ. ಗುಳಿಗಿ ತಪ್ಪಸಬ್ಯಾಡ. ದಿನಾ ಅಂಗಾಲ ನೋಡ್ರಿ ಅಂತ ಮೂಡಲಗಿ ಡಾಕ್ಟರ್ ಹೇಳ್ಯಾರ."

ಗುಳಿಗೆ ರೊಟ್ಟಿಯ ತಾಟಿನಲ್ಲೇ ಇಡುತ್ತೇನೆ. ಅಂಗಾಲು ಹೇಗೆ ನೋಡಲಿ? ಮದುವೆಯಾದಾಗಿನಿಂದ ಮಾವನ ಎದುರು ಬಾಯಿ ಬಿಟ್ಟಿಲ್ಲ.

ಡಿಸೆಂಬರ್ ೯

ಬಲೆ ಕಟ್ಟಿ ಕುರಿ ಕೂಡುವ ಹಟ್ಟಿ ನಮ್ಮ ಮನೆತನಕ್ಕೆ ದೇವರ ಜಾಗ. ಚಪ್ಪಲಿ ಹೊರಗೇ. ಮಾವ ಬರಿಗಾಲಲ್ಲಿ ಒಳಗೆ ನಿಂತು ಒಂದೊಂದೇ ಕುರಿಯ ಗೊರಸು ಎತ್ತಿ ನೋಡುತ್ತಾರೆ. ಕುಂಟುವುದನ್ನು ದೂರದಿಂದಲೇ ಹಿಡಿಯುತ್ತಾರೆ. ತಮ್ಮ ಕಾಲು ನೋಡಿಕೊಳ್ಳುವುದಿಲ್ಲ.

ನಮ್ಮ ಯಜಮಾನರಿಗೆ ಹೇಳಿದೆ. ನಕ್ಕರು. "ಮಗಾ ಹೇಳಿದ್ರ ಅಪ್ಪ ಬೈತಾನ. ಸೊಸಿ ಹೇಳಿದ್ರ ಕೇಳ್ತಾನ. ನೀನ ಹೇಳು."

ಡಿಸೆಂಬರ್ ೨೧, ಗೋಕಾಕ ದಾಟಿ

ಮಾವ ಕಾಲು ಮಡಚಿ ಕೂತಿದ್ದರು. ಎಡ ಅಂಗಾಲಿನಲ್ಲಿ ಜಾಲಿಮುಳ್ಳು, ಸುತ್ತ ಕಪ್ಪಗೆ. ಹಾಗೇ ಎದ್ದು ನಡೆದರು. ಮುಳ್ಳಿನ ಮೇಲೆಯೇ. ಮುಖದಲ್ಲಿ ನೋವಿಲ್ಲ… ಅವರಿಗೆ ಗೊತ್ತೇ ಆಗಿಲ್ಲ.

ಊರಿನ ಉದ್ದಪ್ಪ ಕಾಕಾ ಕಣ್ಣ ಮುಂದೆ ಬಂದ. ಅವನಿಗೂ ಶುಗರ್. ಹೀಗೇ ಶುರುವಾಗಿತ್ತು. ಈಗ ಒಂದು ಪಾದ ಇಲ್ಲ. ಕಟ್ಟೆಯ ಮೇಲೆ ಕೂತು ಬೇರೆಯವರ ಕುರಿ ಹೋಗುವುದನ್ನು ನೋಡುತ್ತಾನೆ.

"ಮಾವಾರ…"

"ಏನವ್ವಾ? ಹಾವೇನರ ಬಂತೇನು?" ನಾನು ಮಾತಾಡಿದ್ದಕ್ಕೇ ಗಾಬರಿ.

"ಕಾಲಾಗ ಮುಳ್ಳ ಐತ್ರಿ."

"ಎಲ್ಲೈತಿ? ನನಗೇನೂ ಚುಚ್ಚವಲ್ದಲ್ಲ!" ಕಾಲು ತಿರುಗಿಸಿ ನೋಡಿಕೊಂಡರು. ಬೆರಳಿನಿಂದ ಮುಳ್ಳನ್ನು ಒತ್ತಿ ನೋಡಿದರು. ಆಮೇಲೆ, "ಕುರಿ ಆದ್ರ ಕುಂಟಿ ತೋರಸ್ತೈತಿ" ಅಂದರು.

ಜನವರಿ ೪, ಹುಕ್ಕೇರಿ

ಬರೆಯಲು ಆಗಲಿಲ್ಲ. ಇವರು ಮಾವನ ಜೊತೆ ಆಸ್ಪತ್ರೆಯಲ್ಲಿದ್ದರು, ಕುರಿಗಳೆಲ್ಲ ನನ್ನ ಮೇಲೆ. ಕೊಳೆತದ್ದನ್ನು ಕೊಯ್ದು ತೆಗೆದರು. ಪಾದ ಉಳಿದಿದೆ. "ಇನ್ನ ನಾಕ ದಿನಾ ತಡದಿದ್ರ…" ಅಂದರಂತೆ ಡಾಕ್ಟರ್.

ಇನ್ನು ಬರಿಗಾಲು ಕೂಡದು. ಚಪ್ಪಲಿ ಹಾಕಿ ಮಾವ ಹಟ್ಟಿಯೊಳಗೆ ಬರುವುದಿಲ್ಲ. ನಿನ್ನೆ ಆಸ್ಪತ್ರೆಯಿಂದ ಬಂದವರು ಹೊರಗೆ ನಿಂತು ಬಲೆ ಹಿಡಿದುಕೊಂಡಿದ್ದರು. ನೋಡಲಾಗಲಿಲ್ಲ. ಒಂದು ಕುರಿಯನ್ನು ಹಟ್ಟಿಯ ಬಾಯಿಗೆ ಎಳೆದು ತಂದೆ. ಅವರು ಅಲ್ಲೇ ಕಲ್ಲಿನ ಮೇಲೆ ಕೂತು ಗೊರಸು ಎತ್ತಿದರು. ಮತ್ತೊಂದು ತಂದೆ.

ಜನವರಿ ೧೫, ಬೆಳಗ್ಗೆ

ಇಂದು ಮುಂದಿನ ಊರಿಗೆ. ಮಂಜು ಬಿದ್ದಿದೆ. ಕೊನೆಯ ಕುರಿ ನೋಡಿದ ಮೇಲೂ ಮಾವ ಏಳಲಿಲ್ಲ. ಚಪ್ಪಲಿ ಕಳಚಿದರು.

"ಒಂದ ಮುದಿ ಟಗರ ಉಳದೈತಿ ನೋಡವ್ವ" ಅಂದು ಕಾಲು ಚಾಚಿದರು.

ಇವರು ಅತ್ತ ತಿರುಗಿ ನಗುತ್ತಿದ್ದರು. ನನಗೆ ನಾಚಿಕೆ. ಪಾದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದೆ. ಗಾಯ ಒಣಗುತ್ತಿದೆ. ಬೆರಳ ಸಂದಿಯಲ್ಲಿ ಒಂದು ಹುಲ್ಲುಕಡ್ಡಿ ಇತ್ತು. ತೆಗೆದೆ.